ಹಾರುತ್ತಿರುವಾಗ ಏನೋ ಕೆಟ್ಟರೆ: ಕೈಯಲ್ಲಿ ಎಷ್ಟು ಹೊತ್ತಿದೆ ಎಂಬ ಲೆಕ್ಕ

ವಿಮಾನದಲ್ಲಿ ದೋಷ ಕಾಣಿಸಿದ ಕೂಡಲೇ ಮನಸ್ಸು 'ಏನು ಕೆಟ್ಟಿದೆ?' ಎಂದು ಹುಡುಕಲು ಹೊರಡುತ್ತದೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಈ ದೋಷ ನನಗೆ ಎಷ್ಟು ಹೊತ್ತು ಕೊಡುತ್ತದೆ ಎಂದು. ಹೊಗೆ, ಬೆಂಕಿ ಎಂದರೆ ಹೊತ್ತೇ ಇಲ್ಲ, ಸಿಕ್ಕಲ್ಲಿ ಇಳಿಯಬೇಕು. ಇಂಜಿನ್ ಪೂರ್ತಿ ನಿಂತರೆ ಎಷ್ಟು ಎತ್ತರದಲ್ಲಿದ್ದೀರೋ ಅಷ್ಟೇ ಹೊತ್ತು. ಚಕ್ರ ಕೆಳಗಿಳಿದು ಕೂತಿದೆ ಎಂದು ತೋರಿಸುವ ದೀಪ ಹತ್ತದಿದ್ದರೆ ಟ್ಯಾಂಕಿನಲ್ಲಿ ಇಂಧನ ಇರುವಷ್ಟು ಹೊತ್ತು.

ಒಂದೇ ಇಂಜಿನ್ನಿನ ಸೆಸ್ನಾ 172ಎನ್ ಮಾದರಿಯನ್ನೇ ತೆಗೆದುಕೊಳ್ಳಿ. ಇಂಜಿನ್ ನಿಂತಿತು. ಮೊದಲು ಮೂತಿ ಇಳಿಸಿ, ವೇಗವನ್ನು 65 ನಾಟ್‌ಗೆ (ಗಂಟೆಗೆ 65 ನಾಟಿಕಲ್ ಮೈಲಿ) ತಂದು, ಕೈ ಸಡಿಲಿಸಿದರೂ ಅದೇ ವೇಗ ನಿಲ್ಲುವಂತೆ ಟ್ರಿಮ್ ಮಾಡಿ. ಗಾಳಿ ಇಲ್ಲದಿದ್ದರೆ ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲಬಹುದು. ಎದುರುಗಾಳಿ ಇದ್ದರೆ ಅಷ್ಟು ದೂರ ಸಿಗುವುದಿಲ್ಲ. ಇಳಿಯುವ ಜಾಗವನ್ನು ಆಗಲೇ ಆರಿಸಿ ಅದರತ್ತ ತಿರುಗಿ. ಆಮೇಲೆ ಕೈ ಆಡಿಸಿ: ಕಾರ್ಬ್ಯುರೇಟರ್ ಹೀಟ್ (ಇಂಧನ, ಗಾಳಿ ಬೆರೆಯುವ ಭಾಗಕ್ಕೆ ಬಿಸಿಗಾಳಿ) ಆನ್, ಇಂಧನದ ಸೆಲೆಕ್ಟರ್ 'ಬೋತ್' (ಎರಡೂ ಟ್ಯಾಂಕ್), ಮಿಕ್ಸ್ಚರ್ ರಿಚ್ (ಗಾಳಿಗೆ ಇಂಧನ ಹೆಚ್ಚು), ಮ್ಯಾಗ್ನೆಟೊ (ಇಂಜಿನ್ನಿಗೆ ಕಿಡಿ ಕೊಡುವ ಸಾಧನ) 'ಬೋತ್', ಪ್ರೊಪೆಲ್ಲರ್ ತಿರುಗುತ್ತಿಲ್ಲದಿದ್ದರೆ 'ಸ್ಟಾರ್ಟ್', ಪ್ರೈಮರ್ (ಸ್ಟಾರ್ಟ್ ಮಾಡುವಾಗ ಇಂಧನ ತಳ್ಳುವ ಕೈಪಂಪು) ಒಳಗೆ ಹೋಗಿ ಲಾಕ್ ಆಗಿದೆಯೇ ನೋಡಿ. ಈ ಸಾಲು ಬಾಯಿಪಾಠವಾಗಿರಲಿ, ಪುಸ್ತಕ ತೆರೆಯುವುದು ಆಮೇಲೆ.

ಕಾರ್ಬ್ಯುರೇಟರ್ ಹೀಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಕೈ ಎಡವುವುದು ಇಲ್ಲೇ. ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ತೇವದ ಗಾಳಿಯಲ್ಲಿ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಇಂಧನ ಆವಿಯಾಗುವಾಗ, ಗಾಳಿ ಇಕ್ಕಟ್ಟಾದ ಕೊರಳಲ್ಲಿ ನುಗ್ಗುವಾಗ ಅಲ್ಲಿನ ಉಷ್ಣತೆ ತೀರಾ ಕುಸಿಯುವುದೇ ಕಾರಣ. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮೆಲ್ಲಗೆ ಜಾರುತ್ತದೆ. ಹೀಟ್ ಗುಂಡಿಯನ್ನು ಪೂರ್ತಿ ಎಳೆದಾಗ ಇಂಜಿನ್ ಇನ್ನೂ ಜೋರಾಗಿ ಕೆಮ್ಮುತ್ತದೆ, ಆರ್‌ಪಿಎಂ ಮತ್ತಷ್ಟು ಇಳಿಯುತ್ತದೆ. ಕರಗಿದ ನೀರು ಇಂಜಿನ್ ಒಳಗೆ ಹೋಗುತ್ತಿರುವ ಸದ್ದು ಅದು. ಹೆದರಿ ಗುಂಡಿಯನ್ನು ಒಳಕ್ಕೆ ತಳ್ಳಿದರೆ ಉಳಿಸಬಹುದಾಗಿದ್ದ ಇಂಜಿನ್ ಕೈಬಿಟ್ಟುಹೋಗುತ್ತದೆ. ಎಳೆದದ್ದನ್ನು ಹಾಗೇ ಬಿಡಿ.

ನಮ್ಮ ಪ್ರಕಾರ ಪೂರ್ತಿ ನಿಂತ ಇಂಜಿನ್ನಿಗಿಂತ ಅರೆಬರೆ ಓಡುವ ಇಂಜಿನ್ ಹೆಚ್ಚು ಅಪಾಯ. ನಿಂತದ್ದು ನಿರ್ಧಾರವನ್ನು ತಾನೇ ಮಾಡಿಬಿಡುತ್ತದೆ. ಅರ್ಧ ಶಕ್ತಿ ಕೊಡುವುದು ಆಸೆ ಹುಟ್ಟಿಸುತ್ತದೆ. ಯಾವ ಕ್ಷಣದಲ್ಲಾದರೂ ಅದು ನಿಲ್ಲಬಹುದು ಎಂದುಕೊಂಡೇ ಹಾರಿಸಿ: ಇಳಿಯುವಂಥ ಜಾಗ ಸದಾ ತೇಲಿ ತಲುಪುವ ದೂರದಲ್ಲಿರಲಿ, ನಯವಾಗಿ ಓಡುವ ಥ್ರಾಟಲ್ ಸ್ಥಾನ ಸಿಕ್ಕರೆ ಅದನ್ನು ಕದಲಿಸಬೇಡಿ. ಟೇಕಾಫ್ ಆದ ಕೂಡಲೇ ಹೀಗಾದರೆ ರನ್‌ವೇಗೆ ಹಿಂದಿರುಗುವ ಸೆಳೆತ ಬಲವಾಗಿರುತ್ತದೆ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿಸಿ ತಿರುಗಿದರೆ ಸ್ಟಾಲ್ ವೇಗ (ಇದಕ್ಕಿಂತ ಇಳಿದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದು) ಸುಮಾರು ಶೇ. 19ರಷ್ಟು ಏರುತ್ತದೆ, 60 ಡಿಗ್ರಿಯಲ್ಲಿ ಶೇ. 41ರಷ್ಟು. ಎತ್ತರ ಕಡಿಮೆ ಇದ್ದರೆ ಮುಂದೆಯೇ, ಆಚೀಚೆ ಸ್ವಲ್ಪವೇ ತಿರುಗಿ ಇಳಿಯಿರಿ.

ಆಯಿಲ್ ಒತ್ತಡ ಇಳಿದರೆ ಪಕ್ಕದ ಉಷ್ಣತೆಯ ಗೇಜ್ ನೋಡಿ. ಉಷ್ಣತೆಯೂ ಏರುತ್ತಿದ್ದರೆ ಇಂಜಿನ್ ಇನ್ನೇನು ಬಿಗಿದು ನಿಂತುಬಿಡುತ್ತದೆ ಎಂದೇ ತಿಳಿದು ಶಕ್ತಿ ತಗ್ಗಿಸಿ, ಇಳಿಯುವ ಜಾಗ ಆರಿಸಿ. ಉಷ್ಣತೆ ಮಾಮೂಲಿಯಾಗಿದ್ದರೆ ಗೇಜೇ ಕೆಟ್ಟಿರಬಹುದು, ಆದರೂ ಹತ್ತಿರದ ರನ್‌ವೇಗೇ ಹೋಗಿ. ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಕೈಕೊಟ್ಟರೆ ಇಂಜಿನ್ ನಿಲ್ಲುವುದಿಲ್ಲ, ಮ್ಯಾಗ್ನೆಟೊಗಳಿಗೆ ಬ್ಯಾಟರಿ ಬೇಕಿಲ್ಲ. ಕೈಪಿಡಿಯಂತೆ ಒಮ್ಮೆ ರೀಸೆಟ್ ಮಾಡಿ ನೋಡಿ. ಆಗದಿದ್ದರೆ ಬೇಡದ ಉಪಕರಣಗಳನ್ನೆಲ್ಲ ಆಫ್ ಮಾಡಿ. 172ರ ಫ್ಲ್ಯಾಪ್‌ಗಳು (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದೆ ಇಳಿಬಿಡುವ ಹಲಗೆಗಳು) ವಿದ್ಯುತ್ತಿನವು. ಬ್ಯಾಟರಿ ಸೋತಾಗ ಕೆಳಗಿಳಿದ ಫ್ಲ್ಯಾಪ್ ಮತ್ತೆ ಮೇಲೇಳದೆ ಹೋಗಬಹುದು, ಹಾಗಾಗಿ ಅವಿಲ್ಲದೆ ಇಳಿಯುವ ಉದ್ದದ ರನ್‌ವೇ ಹುಡುಕಿ.

ಹೊತ್ತು ಕೊಡುವ ದೋಷಗಳಲ್ಲೇ ಜನ ಮೈಮರೆಯುತ್ತಾರೆ. 1972ರ ಡಿಸೆಂಬರ್ 29ರಂದು ಈಸ್ಟರ್ನ್ 401 ಎಂಬ ಪ್ರಯಾಣಿಕ ವಿಮಾನದ ಸಿಬ್ಬಂದಿ ಚಕ್ರದ ದೀಪದ ಒಂದು ಸುಟ್ಟ ಬಲ್ಬಿನಲ್ಲಿ ಮುಳುಗಿದ್ದಾಗ ವಿಮಾನ ಯಾರ ಗಮನಕ್ಕೂ ಬಾರದೆ ಇಳಿಯುತ್ತ ಹೋಗಿ ಮಯಾಮಿ ಬಳಿಯ ಜೌಗಿಗೆ ಅಪ್ಪಳಿಸಿತು. 1978ರ ಡಿಸೆಂಬರ್ 28ರಂದು ಯುನೈಟೆಡ್ 173 ಎಂಬ ಇನ್ನೊಂದು ಪ್ರಯಾಣಿಕ ವಿಮಾನ ಚಕ್ರದ ದೋಷ ಪರಿಶೀಲಿಸುತ್ತ ಪೋರ್ಟ್‌ಲ್ಯಾಂಡ್ ಸುತ್ತ ಸುಮಾರು ಒಂದು ಗಂಟೆ ಸುತ್ತಿ, ಇಂಧನವೇ ಮುಗಿದು ಬಿತ್ತು, 10 ಜನ ಸತ್ತರು. ಆದ್ದರಿಂದ ಇಬ್ಬರಿದ್ದರೆ ಒಬ್ಬರು ಹಾರಿಸುವುದನ್ನು ಬಿಟ್ಟು ಬೇರೇನೂ ಮಾಡಬಾರದು. 'ಇಷ್ಟು ಗಂಟೆಗೆ ಅಥವಾ ಇಂಧನ ಇಷ್ಟಕ್ಕೆ ಬಂದಾಗ ಇಳಿಯುತ್ತೇವೆ' ಎಂದು ಹುಡುಕಾಟ ಶುರುಮಾಡುವ ಮೊದಲೇ ಬಾಯಿಬಿಟ್ಟು ಹೇಳಿ, ಬರೆದಿಡಿ.

ರೇಡಿಯೊಗೆ ಸಂಕೋಚ ಬೇಡ. ಪ್ರಾಣಾಪಾಯ ಎದುರಿಗಿದ್ದರೆ 'ಮೇಡೇ' ಮೂರು ಸಲ, ತುರ್ತು ಇದ್ದೂ ಅಷ್ಟು ಗಂಭೀರವಲ್ಲದಿದ್ದರೆ 'ಪ್ಯಾನ್ ಪ್ಯಾನ್' ಮೂರು ಸಲ. ಮಾತನಾಡುತ್ತಿರುವ ಫ್ರೀಕ್ವೆನ್ಸಿಯಲ್ಲೇ ಕರೆಯಿರಿ, ಯಾರೂ ಇಲ್ಲದಿದ್ದರೆ ತುರ್ತಿನ ಫ್ರೀಕ್ವೆನ್ಸಿ 121.5 ಮೆಗಾಹರ್ಟ್ಸ್. ರೇಡಾರ್‌ಗೆ ನಿಮ್ಮ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಸಂಕೇತ 7700. ಎಲ್ಲಿದ್ದೀರಿ, ಏನಾಗಿದೆ, ಏನು ಮಾಡಲಿದ್ದೀರಿ, ಎಷ್ಟು ಜನ, ಎಷ್ಟು ನಿಮಿಷದ ಇಂಧನ: ಇಷ್ಟು ಸಾಕು. ಆದರೆ ವಿಮಾನ ಹಿಡಿತಕ್ಕೆ ಬಂದ ಮೇಲೆಯೇ ಮೈಕ್ ಒತ್ತಿ.

ಕೊನೆಗೆ ಇಂಜಿನ್ ತಾನಾಗಿಯೇ ಸರಿಹೋಯಿತು ಎನ್ನಿ. ಹೊರಟ ಊರಿಗೆ ಮುಂದುವರಿಯೋಣ ಎನ್ನಿಸುವುದು ಆಗಲೇ. ಟ್ಯಾಂಕಿನಲ್ಲಿದ್ದ ನೀರು ಒಮ್ಮೆ ಹಾದುಹೋಯಿತೋ, ಮ್ಯಾಗ್ನೆಟೊ ಒಂದು ಸಾಯುತ್ತಿದೆಯೋ ಸೀಟಿನಲ್ಲಿ ಕೂತು ಗೊತ್ತಾಗುವುದಿಲ್ಲ. ಹತ್ತಿರದ ರನ್‌ವೇಯಲ್ಲಿ ಇಳಿದು, ಇಂಧನದ ಮಾದರಿ ಹಿಡಿದು ನೋಡಿ, ಮೆಕ್ಯಾನಿಕ್ ಕೌಲಿಂಗ್ (ಇಂಜಿನ್ನಿನ ಹೊದಿಕೆ) ಬಿಚ್ಚಿ ಪರೀಕ್ಷಿಸುವವರೆಗೆ ಮತ್ತೆ ಸ್ಟಾರ್ಟ್ ಮಾಡಬೇಡಿ.