ಕ್ರಿಸ್‌ಮಸ್‌ಗೆ ಮನೇಲೇ ಶುಗರ್ ಕುಕ್ಕೀಸ್: ಚಪಾತಿ ನಾದೋ ಕೈಗೆ ಸ್ವಲ್ಪ ರಜ ಕೊಡಿ

ಡಿಸೆಂಬರ್ ಬಂತು ಅಂದ್ರೆ ಬೇಕರಿಗಳ ಗಾಜಿನ ಹಿಂದೆ ಪ್ಲಮ್ ಕೇಕ್ ಸಾಲಾಗಿ ಕೂತಿರುತ್ತೆ, ಮಂಗಳೂರು ಕಡೆ ಕ್ಯಾಥೊಲಿಕ್ ಮನೆಗಳಲ್ಲಿ ಕುಸ್ವಾರ್ ಅನ್ನೋ ಕ್ರಿಸ್‌ಮಸ್ ತಿಂಡಿಗಳ ತಯಾರಿ ಶುರುವಾಗಿರುತ್ತೆ, ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕೀಸ್ ಅಂತ ಹೆಚ್ಚುಕಮ್ಮಿ ಎಲ್ಲಾ ಬಾಣಲೆಯಲ್ಲಿ ಕರಿಯೋ ತಿಂಡಿಗಳೇ. ಶುಗರ್ ಕುಕ್ಕಿ ಈ ತಟ್ಟೆಗೆ ಇತ್ತೀಚೆಗೆ ಬಂದು ಸೇರಿದ್ದು. ಇದು ಅಮೆರಿಕದ ಮನೆಗಳ ಕ್ರಿಸ್‌ಮಸ್ ತಿಂಡಿ, ಪೆನ್ಸಿಲ್ವೇನಿಯಾದ ನಜರೆತ್ ಅನ್ನೋ ಊರಲ್ಲಿ 18ನೇ ಶತಮಾನದಲ್ಲಿ ನೆಲೆಸಿದ ಮೊರೇವಿಯನ್ ಕ್ರೈಸ್ತರು ಮಾಡ್ತಿದ್ದ ಬೆಣ್ಣೆ ಸಕ್ಕರೆ ಕುಕ್ಕಿಯೇ ಇದರ ಮೂಲ ಅಂತ ಹೇಳ್ತಾರೆ. ಈಗ ನಮ್ಮಲ್ಲೂ ಆನ್‌ಲೈನ್‌ನಲ್ಲಿ ಕಟರ್ ಸಿಗುತ್ತೆ, ಮನೇಲಿ ಓಟಿಜಿ ಅನ್ನೋ ಕರೆಂಟಿನ ಪುಟ್ಟ ಓವನ್ ಇರುತ್ತೆ, ಮಕ್ಕಳಿಗೆ ಸ್ಕೂಲ್ ರಜ ಇರುತ್ತೆ, ಹಾಗಾಗಿ ಎಲ್ಲರೂ ಟ್ರೈ ಮಾಡ್ತಾರೆ. ಆದ್ರೆ ನಕ್ಷತ್ರ ಅಂತ ಕತ್ತರಿಸಿ ಒಳಗಿಟ್ಟಿದ್ದು ಹೊರಗೆ ಬರೋವಾಗ ಅಡ್ಡಾದಿಡ್ಡಿ ಹರಡಿಕೊಂಡಿರುತ್ತೆ, ಇಲ್ಲಾ ಕಚ್ಚಿದ್ರೆ ಹಲ್ಲು ಬೀಳೋ ಹಂಗಿರುತ್ತೆ.

ಇದಕ್ಕೆ ಕಾರಣ ರೆಸಿಪಿ ಅಲ್ಲ, ನಮ್ಮ ಕೈ ಅಭ್ಯಾಸ. ಹಿಟ್ಟು ಕಂಡ ತಕ್ಷಣ ನಮ್ಮ ಕೈ ಚಪಾತಿಗೆ ನಾದಿದಂಗೆ ನಾದೋಕೆ ಶುರು ಮಾಡುತ್ತೆ. ಮೈದಾ ನಾದಿದಷ್ಟೂ ಒಳಗೆ ಗ್ಲುಟೆನ್ ಅನ್ನೋ ಜಿಗುಟು ಪ್ರೋಟೀನ್ ಬಿಗಿಯಾಗುತ್ತೆ, ಚಪಾತಿಗೆ ಅದು ಬೇಕು, ಕುಕ್ಕಿಗೆ ಬೇಡ, ಬೇಯೋವಾಗ ಶೇಪ್ ಮುದುಡಿ ಗಟ್ಟಿಯಾಗುತ್ತೆ. ಎರಡನೇದು, ಬೆಣ್ಣೆ ಬಿಸಿಯಾಗೋದು. ಬೆಣ್ಣೆ 32ರಿಂದ 35 ಡಿಗ್ರಿ ಒಳಗೆ ಕರಗಿಬಿಡುತ್ತೆ, ಮಂಗಳೂರಲ್ಲಿ ಡಿಸೆಂಬರ್ ಮಧ್ಯಾಹ್ನ ಅಡುಗೆಮನೆಯೇ ಹೆಚ್ಚುಕಮ್ಮಿ ಅಷ್ಟು ಬಿಸಿ ಇರುತ್ತೆ. ಬೆಂಗಳೂರು, ಮಡಿಕೇರಿ ಕಡೆಯವರಿಗೆ ಈ ವಿಷಯದಲ್ಲಿ ಅದೃಷ್ಟ. ಸೋ ಇಡೀ ಲೇಖನದ ಸಾರ ಮೊದಲೇ ಹೇಳಿಬಿಡ್ತೀನಿ, ನಾದಬೇಡಿ, ತಣ್ಣಗಿಡಿ.

ಏನೇನು ಬೇಕು

ಮೈದಾ 250 ಗ್ರಾಂ, ಬೆಣ್ಣೆ 125 ಗ್ರಾಂ, ಪುಡಿ ಸಕ್ಕರೆ 110 ಗ್ರಾಂ, ಒಂದು ಮೊಟ್ಟೆ, ಒಂದು ಟೀ ಚಮಚ ವೆನಿಲ್ಲಾ ಎಸೆನ್ಸ್, ಕಾಲು ಟೀ ಚಮಚ ಬೇಕಿಂಗ್ ಪೌಡರ್, ಒಂದು ಚಿಟಿಕೆ ಉಪ್ಪು. ಇಷ್ಟರಲ್ಲಿ ಎರಡೂವರೆ ಇಂಚಿನ ಕುಕ್ಕಿ ಒಂದು 25 ಆಗುತ್ತೆ. ಕಪ್ ಲೆಕ್ಕಕ್ಕಿಂತ ತೂಕದ ಲೆಕ್ಕ ವಾಸಿ, ಯಾಕಂದ್ರೆ ಮೈದಾ ಒತ್ತಿ ತುಂಬಿದ್ರೆ ಒಂದು ಅಳತೆ, ಸಡಿಲ ತುಂಬಿದ್ರೆ ಇನ್ನೊಂದು. ಅಡುಗೆಮನೆ ತಕ್ಕಡಿ ಇಲ್ದಿದ್ರೆ 240 ಎಂಎಲ್ ಕಪ್ಪಲ್ಲಿ ಚಮಚದಿಂದ ಸಡಿಲವಾಗಿ ತುಂಬಿ ಮೇಲೆ ಚಾಕುವಲ್ಲಿ ಸವರಿದ ಎರಡು ಕಪ್ ಮೈದಾ ಅಂದ್ರೆ ಸುಮಾರು 250 ಗ್ರಾಂ ಅಂತ ಇಟ್ಕೊಳ್ಳಿ.

ಮೊಟ್ಟೆ ತಿನ್ನದವರು ಮೂರು ಟೇಬಲ್ ಚಮಚ ತಣ್ಣನೆ ಹಾಲು ಹಾಕಬಹುದು, ಆದ್ರೆ ಒಂದೇ ಸಲ ಸುರೀಬೇಡಿ, ಒಂದೊಂದೇ ಚಮಚ ಹಾಕ್ತಾ ಹಿಟ್ಟು ಮುದ್ದೆಯಾಗಿ ಸೇರಿದ ತಕ್ಷಣ ನಿಲ್ಲಿಸಿ. ಕುಕ್ಕಿ ಸ್ವಲ್ಪ ಜಾಸ್ತಿ ಪುಡಿಪುಡಿ ಆಗುತ್ತೆ ಅಷ್ಟೇ, ರುಚಿಗೆ ಮೋಸ ಇಲ್ಲ.

ಸಕ್ಕರೆ ಬಗ್ಗೆ ಒಂದು ಮಾತು. ಅಮೆರಿಕನ್ ರೆಸಿಪಿಗಳಲ್ಲಿ ನೇರವಾಗಿ ಸಕ್ಕರೆ ಹಾಕಿ ಅಂತ ಬರೆದಿರ್ತಾರೆ, ಅವರ ಸಕ್ಕರೆ ಸಣ್ಣ ಕಾಳಿಂದು. ನಮ್ಮ ಅಂಗಡಿ ಸಕ್ಕರೆ ಕಾಳು ದಪ್ಪ, ಬೆಣ್ಣೆ ಜೊತೆ ಕರಗೋದೇ ಇಲ್ಲ, ಬೇಯೋವಾಗ ಕರಗಿ ಕುಕ್ಕಿ ಹರಡುತ್ತೆ, ಮೇಲೆ ಕಂದು ಚುಕ್ಕಿ ಬೇರೆ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡೀರಿ.

ಬೆಣ್ಣೆ ಅಂದ್ರೆ ಅಂಗಡಿಯ ಅನ್‌ಸಾಲ್ಟೆಡ್ ಬೆಣ್ಣೆ. ಹಳದಿ ಪ್ಯಾಕೆಟ್ ಅಮೂಲ್ ಬೆಣ್ಣೆ ಮಾತ್ರ ಇದ್ರೆ ಅದೂ ನಡೆಯುತ್ತೆ, ಬೇರೆ ಉಪ್ಪು ಹಾಕ್ಬೇಡಿ. ಮೊಸರು ಕಡೆದು ತೆಗೆದ ಮನೆ ಬೆಣ್ಣೆಯಲ್ಲಿ ನೀರು ಜಾಸ್ತಿ ಇರುತ್ತೆ, ಹುಳಿ ವಾಸನೆಯೂ ಬರುತ್ತೆ, ಅದನ್ನ ರೊಟ್ಟಿಗೆ ಇಟ್ಕೊಳ್ಳಿ. ತುಪ್ಪ ಹಾಕಿದ್ರೆ ಅದು ನಾನ್‌ಖಟಾಯಿ ಕಡೆಗೆ ಹೋಗುತ್ತೆ, ತಿನ್ನೋಕೆ ಚೆನ್ನಾಗೇ ಇರುತ್ತೆ, ಆದ್ರೆ ಕಟರ್ ಶೇಪ್ ನಿಲ್ಲಲ್ಲ. ವೆನಿಲ್ಲಾ ಬೇಡ ಅನ್ನೋರು ಏಲಕ್ಕಿ ಪುಡಿ ಹಾಕಿ, ಕೊಡಗಿನ ಕಿತ್ತಳೆ ಸಿಕ್ಕಿದ್ರೆ ಸಿಪ್ಪೆಯ ಮೇಲಿನ ಬಣ್ಣದ ಪದರ ಮಾತ್ರ ತುರಿದು ಹಾಕಿ, ಒಳಗಿನ ಬಿಳಿ ಭಾಗ ಕಹಿ.

ಹಿಟ್ಟು ಕಲಸೋದು

ಬೆಣ್ಣೆ ಫ್ರಿಡ್ಜಿಂದ ತೆಗೆದು ಸಣ್ಣ ತುಂಡು ಮಾಡಿ ಹೊರಗಿಡಿ. ಬೆರಳಿಂದ ಒತ್ತಿದ್ರೆ ಗುಳಿ ಬೀಳಬೇಕು, ಆದ್ರೆ ಮೇಲ್ಮೈ ಎಣ್ಣೆಯಾಗಿ ಹೊಳೀಬಾರದು, ಅದೇ ಹದ. ಅರ್ಜೆಂಟು ಅಂತ ಮೈಕ್ರೋವೇವಲ್ಲಿ ಇಟ್ರೆ ಒಂದು ಕಡೆ ಕರಗಿ ಇನ್ನೊಂದು ಕಡೆ ಗಟ್ಟಿ ಇರುತ್ತೆ, ಅದರ ಬದಲು ಕ್ಯಾರೆಟ್ ತುರಿಯೋ ಮಣೆಯಲ್ಲಿ ತುರಿದುಬಿಡಿ, ಹತ್ತು ನಿಮಿಷಕ್ಕೆ ಮೆತ್ತಗಾಗುತ್ತೆ. ಬೆಣ್ಣೆ ಸಕ್ಕರೆ ಸೇರಿಸಿ ವಿಸ್ಕ್‌ನಲ್ಲಿ ಎರಡು ಮೂರು ನಿಮಿಷ ತಿರುಗಿಸಿ, ಬಣ್ಣ ಸ್ವಲ್ಪ ತಿಳಿಯಾದ್ರೆ ಸಾಕು. ಕೇಕಿಗೆ ಮಾಡಿದಂಗೆ ಉಬ್ಬೋವರೆಗೂ ಬೀಟ್ ಮಾಡಿದ್ರೆ ಗಾಳಿ ತುಂಬಿ ಕುಕ್ಕಿ ಉಬ್ಬುತ್ತೆ, ಅಂಚು ಮೊಂಡಾಗುತ್ತೆ. ಆಮೇಲೆ ಮೊಟ್ಟೆ, ವೆನಿಲ್ಲಾ. ಮಿಶ್ರಣ ಸ್ವಲ್ಪ ಒಡೆದಂಗೆ ಕಂಡ್ರೂ ಗಾಬರಿ ಬೇಡ, ಮೈದಾ ಬಿದ್ದಾಗ ಸರಿಹೋಗುತ್ತೆ.

ಮೈದಾ, ಬೇಕಿಂಗ್ ಪೌಡರ್, ಉಪ್ಪು ಒಟ್ಟಿಗೆ ಜರಡಿ ಹಿಡಿದು ಎರಡು ಸಲ ಮಾಡಿ ಹಾಕಿ, ಚಮಚದಲ್ಲೇ ಕಲಸಿ, ಕೊನೆಗೆ ಕೈಯಿಂದ ಬರೀ ಒತ್ತಿ ಒಟ್ಟು ಮಾಡಿ, ಒಣ ಮೈದಾ ಕಾಣಿಸದಿದ್ರೆ ಕೆಲಸ ಮುಗೀತು, ಕೈ ತೆಗೀರಿ. ತೀರಾ ಅಂಟಿದ್ರೆ ಇನ್ನೊಂದು ಚಮಚ ಮೈದಾ, ಅದಕ್ಕಿಂತ ಜಾಸ್ತಿ ಬೇಡ, ಫ್ರಿಡ್ಜಿಗೆ ಹೋದ್ಮೇಲೆ ತಾನೇ ಗಟ್ಟಿಯಾಗುತ್ತೆ.

ಮೊದಲು ಲಟ್ಟಿಸಿ, ಆಮೇಲೆ ಫ್ರಿಡ್ಜ್

ಬಹಳ ಜನ ಹಿಟ್ಟಿನ ಉಂಡೆಯನ್ನೇ ಫ್ರಿಡ್ಜಲ್ಲಿಟ್ಟು ಆಮೇಲೆ ಕಲ್ಲಾಗಿರೋ ಉಂಡೆ ಜೊತೆ ಗುದ್ದಾಡ್ತಾರೆ. ಉಲ್ಟಾ ಮಾಡಿ. ಮೆತ್ತಗಿರೋವಾಗಲೇ ಎರಡು ಬೇಕಿಂಗ್ ಪೇಪರ್ ಮಧ್ಯೆ ಇಟ್ಟು ಲಟ್ಟಿಸಿ, ಆ ಹಾಳೆ ಸಮೇತ ತಟ್ಟೆ ಮೇಲಿಟ್ಟು ಫ್ರಿಡ್ಜಿಗೆ ಕಳಿಸಿ. ಹಿಟ್ಟು ಉದುರಿಸಿ ಲಟ್ಟಿಸೋ ತಂಟೆ ಇಲ್ಲ, ಅಂಟೋದೂ ಇಲ್ಲ.

ದಪ್ಪ ಆರು ಏಳು ಮಿಲಿಮೀಟರ್ ಇರಬೇಕು. ಇಲ್ಲೂ ಚಪಾತಿ ಕೈ ಅಡ್ಡ ಬರುತ್ತೆ, ಗೊತ್ತಿಲ್ದೇ ತೆಳ್ಳಗೆ ಮಾಡಿಬಿಡ್ತೀವಿ. ಅದಕ್ಕೊಂದು ಉಪಾಯ, ಹಿಟ್ಟಿನ ಎರಡೂ ಪಕ್ಕ ಒಂದೊಂದು ಹೊಸ ಪೆನ್ಸಿಲ್ ಇಡಿ, ಅದರ ದಪ್ಪ ಹೆಚ್ಚುಕಮ್ಮಿ ಏಳು ಮಿಲಿಮೀಟರ್, ಲಟ್ಟಣಿಗೆ ಪೆನ್ಸಿಲ್ ಮೇಲೆ ಉರುಳೋಕೆ ಶುರುವಾದಾಗ ನಿಲ್ಲಿಸಿ. ಆದ್ರೆ ನಮ್ಮ ಎಷ್ಟೋ ಲಟ್ಟಣಿಗೆಗಳು ನಡುವೆ ಹೊಟ್ಟೆ ಬಂದು ತುದಿಯಲ್ಲಿ ಸಣ್ಣ ಇರುತ್ವೆ, ಅದರಲ್ಲಿ ಲಟ್ಟಿಸಿದ್ರೆ ಮಧ್ಯ ತೆಳ್ಳಗೆ ಅಂಚು ದಪ್ಪ. ನೆಟ್ಟಗಿರೋ ಲಟ್ಟಣಿಗೆ ಇಲ್ಲಾಂದ್ರೆ ಉದ್ದನೆ ಗಾಜಿನ ಬಾಟಲಿ ತೊಳೆದು ಒರೆಸಿ ಬಳಸಿ, ಅದೇ ಬೆಸ್ಟು.

ಫ್ರಿಡ್ಜಲ್ಲಿ ಕನಿಷ್ಠ ಒಂದು ಗಂಟೆ. ಮೇಲೆ ಚೆನ್ನಾಗಿ ಮುಚ್ಚಿ, ಬೆಣ್ಣೆ ಪಕ್ಕದಲ್ಲಿರೋ ವಾಸನೆಯನ್ನೆಲ್ಲ ಎಳ್ಕೊಳ್ಳುತ್ತೆ, ಈರುಳ್ಳಿ ಸಾಂಬಾರ್ ಪಾತ್ರೆ ತೆರೆದಿಟ್ಟಿದ್ರೆ ಕ್ರಿಸ್‌ಮಸ್ ಟ್ರೀ ಕುಕ್ಕಿಯಲ್ಲಿ ಅದೇ ಪರಿಮಳ.

ಕಟರ್ ಇಲ್ದಿದ್ರೆ ಸ್ಟೀಲ್ ಲೋಟದಲ್ಲಿ ಗುಂಡಗೆ ಕತ್ತರಿಸಿ, ಅಥವಾ ದಪ್ಪ ರಟ್ಟಿನಲ್ಲಿ ನಕ್ಷತ್ರ, ಮರ, ಗಂಟೆ ಕತ್ತರಿಸಿ ಹಿಟ್ಟಿನ ಮೇಲಿಟ್ಟು ಚೂಪು ಚಾಕುವಲ್ಲಿ ಸುತ್ತ ಎಳೀರಿ. ಕಟರ್ ಇದ್ರೆ ನೆಟ್ಟಗೆ ಒತ್ತಿ ನೆಟ್ಟಗೆ ಎತ್ತಿ, ತಿರುಚಬೇಡಿ. ಮರಕ್ಕೆ ನೇತು ಹಾಕೋ ಆಸೆ ಇದ್ರೆ ಸ್ಟ್ರಾದಲ್ಲಿ ಈಗಲೇ ತೂತು ಮಾಡಿ, ಬೇಯೋವಾಗ ಅದು ಸ್ವಲ್ಪ ಮುಚ್ಚಿಕೊಳ್ಳುತ್ತೆ, ಹೊರಗೆ ತೆಗೆದ ತಕ್ಷಣ ಬಿಸಿಯಲ್ಲೇ ಇನ್ನೊಂದ್ಸಲ ಚುಚ್ಚಿ. ಉಳಿದ ಚೂರುಗಳನ್ನ ಒಟ್ಟು ಮಾಡಿ ಮತ್ತೆ ಲಟ್ಟಿಸಬಹುದು, ಆದ್ರೆ ಎರಡು ಸಲಕ್ಕಿಂತ ಜಾಸ್ತಿ ಬೇಡ.

ಬೇಯಿಸೋದು

ಓಟಿಜಿಯನ್ನ 170 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ, ಮೇಲೆ ಕೆಳಗೆ ಎರಡೂ ರಾಡ್ ಆನ್, ಟ್ರೇ ನಡುವಿನ ಹಂತದಲ್ಲಿ. ಕತ್ತರಿಸಿದ ಕುಕ್ಕಿಗಳನ್ನ ಟ್ರೇಯಲ್ಲಿಟ್ಟು ಇನ್ನೊಂದು ಹತ್ತು ನಿಮಿಷ ಫ್ರೀಜರಲ್ಲಿಟ್ರೆ ಅಂಚು ಚೂಪಾಗಿ ಉಳಿಯುತ್ತೆ. ಟ್ರೇಗೆ ಹಾಕೋ ಪೇಪರ್ ಬಗ್ಗೆ ಹುಷಾರು, ಅಂಗಡಿಯಲ್ಲಿ ಬಟರ್ ಪೇಪರ್ ಅಂತ ಕೊಡೋದೆಲ್ಲಾ ಓವನ್ ಬಿಸಿ ತಡೆಯಲ್ಲ, ಪ್ಯಾಕೆಟ್ ಮೇಲೆ ಓವನ್‌ಗೆ ಆಗುತ್ತೆ ಅಂತ ಬರೆದಿದ್ಯಾ ನೋಡಿ.

ಟೈಮ್ 10ರಿಂದ 12 ನಿಮಿಷ. ಓಟಿಜಿ ತಿರುಗಣಿಯ ನಂಬರನ್ನ ಪೂರ್ತಿ ನಂಬೋಕಾಗಲ್ಲ, ಎಂಟನೇ ನಿಮಿಷದಿಂದ ಗಾಜಿನ ಮುಂದೆ ನಿಂತ್ಕೊಳ್ಳಿ. ಅಂಚು ಹೊಂಬಣ್ಣ ಬರೋಕೆ ಶುರು, ನಡುವೆ ಇನ್ನೂ ಬಿಳಿಚು, ಹೊಳಪು ಹೋಗಿ ಮಂಕಾಗಿದೆ, ಅಲ್ಲಿಗೆ ತೆಗೀರಿ. ಮುಟ್ಟಿದ್ರೆ ಮೆತ್ತಗೇ ಇರುತ್ತೆ, ಬೆಂದಿಲ್ಲ ಅಂತ ವಾಪಸ್ ಹಾಕಬೇಡಿ, ಟ್ರೇ ಬಿಸಿಯಲ್ಲಿ ಐದು ನಿಮಿಷ ಕೂತು ಗಟ್ಟಿಯಾಗುತ್ತೆ. ಆಮೇಲೆ ಜಾಲರಿ ಮೇಲೆ ಆರೋಕೆ ಬಿಡಿ.

ಓವನ್ ಇಲ್ವಾ, ದಪ್ಪ ತಳದ ಅಗಲ ಪಾತ್ರೆ ತಗೊಂಡು ತಳಕ್ಕೆ ಒಂದಿಂಚು ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕಾಯಿಸಿ, ಕುಕ್ಕರ್ ಆದ್ರೆ ಗ್ಯಾಸ್ಕೆಟ್ ಮತ್ತೆ ವಿಶಲ್ ಎರಡೂ ತೆಗೆದಿರಬೇಕು, ಇದು ಮರೀಬೇಡಿ. ಉರಿ ಸಣ್ಣ ಮಾಡಿ ತಟ್ಟೆಯಲ್ಲಿ ನಾಲ್ಕೈದು ಕುಕ್ಕಿ ಇಟ್ಟು 15ರಿಂದ 20 ನಿಮಿಷ. ಮೇಲೆ ಬಣ್ಣ ಬರಲ್ಲ, ತಳ ಮಾತ್ರ ಕೆಂಪಾಗುತ್ತೆ, ಹೇಗೂ ಮೇಲೆ ಐಸಿಂಗ್ ಬರುತ್ತಲ್ಲ.

ಐಸಿಂಗ್ ಮತ್ತು ಬಣ್ಣ

ಹಸಿ ಮೊಟ್ಟೆ ಬಿಳಿ ಹಾಕೋ ರಾಯಲ್ ಐಸಿಂಗ್ ಮಕ್ಕಳಿರೋ ಮನೇಲಿ ಬೇಡ ಅನ್ನೋದು ನನ್ನ ಅಭಿಪ್ರಾಯ, ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಭಯ ಇದ್ದೇ ಇದೆ. ಮೆರಿಂಗ್ ಪೌಡರ್, ಅಂದ್ರೆ ಒಣಗಿಸಿದ ಮೊಟ್ಟೆ ಬಿಳಿಯ ಪುಡಿ, ಸಿಕ್ಕಿದ್ರೆ ಅದು ಹಾಕಿ, ಇಲ್ಲಾಂದ್ರೆ ಬರೀ ಹಾಲಿನ ಐಸಿಂಗ್ ಸಾಕು. ಐಸಿಂಗ್ ಶುಗರ್ 200 ಗ್ರಾಂ, ಹಾಲು ಎರಡರಿಂದ ಮೂರು ಟೇಬಲ್ ಚಮಚ, ನಿಂಬೆರಸ ಅರ್ಧ ಚಮಚ. ಮನೇಲೇ ಮಾಡೋದಾದ್ರೆ 200 ಗ್ರಾಂ ಸಕ್ಕರೆಗೆ ಒಂದು ಟೇಬಲ್ ಚಮಚ ಕಾರ್ನ್‌ಫ್ಲೋರ್ ಹಾಕಿ ಮಿಕ್ಸಿ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿ. ಒಂದು ಸಕ್ಕರೆ ಕಾಳು ಉಳಿದ್ರೂ ಕೋನಿನ ತುದಿಯಲ್ಲಿ ಸಿಕ್ಕಿಹಾಕಿಕೊಂಡು ಗೆರೆ ಅರ್ಧಕ್ಕೇ ನಿಂತುಬಿಡುತ್ತೆ.

ಎರಡು ಹದ ಬೇಕು. ಅಂಚು ಬರೆಯೋಕೆ ಟೂತ್‌ಪೇಸ್ಟ್ ಹದ. ಒಳಗೆ ತುಂಬೋಕೆ ಇನ್ನೂ ತೆಳು, ಅದಕ್ಕೊಂದು ಟೆಸ್ಟ್ ಇದೆ, ಬಟ್ಟಲಲ್ಲಿ ಚಾಕುವಿಂದ ಗೆರೆ ಎಳೀರಿ, ಹತ್ತು ಹದಿನೈದು ಸೆಕೆಂಡಲ್ಲಿ ಗೆರೆ ಮುಚ್ಚಿಹೋದ್ರೆ ಸರಿ, ಅದಕ್ಕಿಂತ ಬೇಗ ಮುಚ್ಚಿದ್ರೆ ಅಂಚು ದಾಟಿ ಹರಿಯುತ್ತೆ, ಇನ್ನಷ್ಟು ಸಕ್ಕರೆ ಹಾಕಿ. ಹಾಲು ಸೇರಿಸೋವಾಗ ಹನಿ ಲೆಕ್ಕದಲ್ಲಿ ಹಾಕಿ, ಅರ್ಧ ಚಮಚ ಜಾಸ್ತಿಯಾದ್ರೂ ಪೂರ್ತಿ ನೀರಾಗುತ್ತೆ.

ಪೈಪಿಂಗ್ ಬ್ಯಾಗು, ನಾಝಲ್ಲು ಏನೂ ಬೇಕಾಗಿಲ್ಲ. ಮೆಹಂದಿ ಕೋನ್ ಸುತ್ತೋಕೆ ಬರುತ್ತಾ? ಅದೇ ಥರ ದಪ್ಪ ಪಾರದರ್ಶಕ ಶೀಟಿನಲ್ಲಿ ಕೋನ್ ಮಾಡಿ, ಶೀಟು ತಿಂಡಿಗೆ ಬಳಸೋ ಅಂಥದ್ದೇ ಇರಲಿ, ಅರ್ಧ ಮಾತ್ರ ತುಂಬಿ, ಬಾಯಿ ಮಡಚಿ ಟೇಪ್ ಹಾಕಿ, ತುದಿ ಕೂದಲೆಳೆಯಷ್ಟು ಕತ್ತರಿಸಿ. ಮೆಹಂದಿ ಹಾಕೋ ಹುಡುಗೀರು ಮನೇಲಿದ್ರೆ ಅವರಿಗೇ ಕೊಟ್ಟುಬಿಡಿ, ಕೋನ್ ತುದಿಯನ್ನ ಕುಕ್ಕಿಗೆ ತಾಗಿಸದೆ ಅರ್ಧ ಇಂಚು ಮೇಲೆ ಹಿಡಿದು ದಾರ ಬೀಳಿಸೋದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಮೊದಲು ಅಂಚು ಬರೀರಿ, ಹದಿನೈದು ನಿಮಿಷ ಬಿಟ್ಟು ಒಳಗೆ ತುಂಬಿ, ಮೂಲೆಗಳಿಗೆ ಟೂತ್‌ಪಿಕ್‌ನಲ್ಲಿ ಎಳೆದು ಸೇರಿಸಿ, ಗುಳ್ಳೆ ಕಂಡ್ರೆ ಅದರಲ್ಲೇ ಚುಚ್ಚಿ.

ಬಣ್ಣಕ್ಕೆ ನೀರಿನ ಬಣ್ಣಕ್ಕಿಂತ ಜೆಲ್ ಕಲರ್ ಒಳ್ಳೇದು, ಹದ ಕೆಡಿಸಲ್ಲ. ಕೆಂಪು ಮಾತ್ರ ಹಠಮಾರಿ, ಹಾಕಿದಷ್ಟೂ ಗುಲಾಬಿಯಾಗೇ ಕಾಣುತ್ತೆ, ಜಾಸ್ತಿ ಹಾಕಿದ್ರೆ ಕಹಿ. ಗಾಢ ಗುಲಾಬಿ ಬಂದಾಗ ನಿಲ್ಲಿಸಿ ಮುಚ್ಚಿ ಕೆಲವು ಗಂಟೆ ಬಿಡಿ, ತಾನೇ ಗಾಢ ಆಗುತ್ತೆ. ಬಾಟಲಿ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಇದ್ಯಾ ನೋಡಿ ತಗೊಳ್ಳಿ, 2024ರ ಮಾರ್ಚಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಹಾಕ್ತಿದ್ದ, ತಿನ್ನೋದಕ್ಕೆ ಬಳಸಬಾರದ ರೋಡಮೈನ್ ಬಿ ಬಣ್ಣದ ಗಲಾಟೆ ಆಗಿದ್ದು ನೆನಪಿರಬಹುದು, ಬಿಡಿಯಾಗಿ ಪೊಟ್ಟಣದಲ್ಲಿ ಸಿಗೋ ಬಣ್ಣದ ಸಹವಾಸವೇ ಬೇಡ. ಕೆಂಪು ಪಕ್ಕದಲ್ಲಿ ಬಿಳಿ ಹಾಕೋದಾದ್ರೆ ಕೆಂಪು ಪೂರ್ತಿ ಒಣಗಿರಬೇಕು, ಇಲ್ಲಾಂದ್ರೆ ಬಣ್ಣ ಬಿಳಿಗೆ ಹತ್ತಿ ಸಾಂಟಾ ಗಡ್ಡ ಗುಲಾಬಿ ಆಗುತ್ತೆ.

ಒಣಗೋಕೆ ಬೆಂಗಳೂರಲ್ಲಿ ಒಂದು ರಾತ್ರಿ ಸಾಕು, ಕರಾವಳಿಯಲ್ಲಿ ಫ್ಯಾನ್ ಕೆಳಗಿಟ್ಟು ಇನ್ನೂ ಸ್ವಲ್ಪ ಕಾಯಬೇಕು. ಫ್ರಿಡ್ಜಲ್ಲಿಡಬೇಡಿ, ಹೊರಗೆ ತೆಗೆದಾಗ ಬೆವರಿ ಎಲ್ಲಾ ಹಾಳು. ಹಾಗಾಗಿ 22ಕ್ಕೆ ಹಿಟ್ಟು, 23ಕ್ಕೆ ಬೇಯಿಸಿ ಸಂಜೆ ಐಸಿಂಗ್, 24ಕ್ಕೆ ಡಬ್ಬಿ ಅಂತ ಪ್ಲಾನ್ ಮಾಡ್ಕೊಳ್ಳಿ.

ಐಸಿಂಗೇ ಬೇಡ ಅನ್ನೋರಿಗೆ

ಟೂಟಿ ಫ್ರೂಟಿಯ ಕೆಂಪು ಹಸಿರು ಚೂರುಗಳನ್ನ ಬೇಯಿಸೋ ಮೊದಲೇ ಮರದ ಶೇಪ್ ಮೇಲೆ ಒತ್ತಿಬಿಡಿ, ಮುಗೀತು. ಅಥವಾ ದಪ್ಪ ಸಕ್ಕರೆ ಕಾಳು ಉದುರಿಸಿ, ಹಿಟ್ಟಿಗೆ ಬೇಡ ಅಂದ ಅದೇ ಸಕ್ಕರೆ ಇಲ್ಲಿ ಚೆನ್ನಾಗಿ ಮಿನುಗುತ್ತೆ. ನನಗೆ ಎಲ್ಲಕ್ಕಿಂತ ಇಷ್ಟ ಗಾಜಿನ ಕಿಟಕಿ ಕುಕ್ಕಿ. ದೊಡ್ಡ ನಕ್ಷತ್ರದ ನಡುವೆ ಸಣ್ಣ ನಕ್ಷತ್ರ ಕತ್ತರಿಸಿ ತೆಗೀರಿ, ಏಳು ನಿಮಿಷ ಬೇಯಿಸಿ, ಬಣ್ಣದ ಗಟ್ಟಿ ಪೆಪ್ಪರ್‌ಮಿಂಟ್ ಮಿಠಾಯಿ ಕುಟ್ಟಿ ಆ ತೂತಿಗೆ ತುಂಬಿ ಮತ್ತೆ ಮೂರ್ನಾಲ್ಕು ನಿಮಿಷ ಒಳಗಿಡಿ. ಮಿಠಾಯಿ ಕರಗಿ ಹರಡಿ ಗಾಜಿನ ಹಾಗೆ ನಿಲ್ಲುತ್ತೆ. ಪೂರ್ತಿ ತಣ್ಣಗಾಗೋವರೆಗೂ ಪೇಪರಿಂದ ಎಬ್ಬಿಸಬೇಡಿ, ಕರಗಿದ ಸಕ್ಕರೆ ಕೈಗೆ ತಾಗಿದ್ರೆ ಬೊಬ್ಬೆ ಬರುತ್ತೆ, ಈ ಕೆಲಸಕ್ಕೆ ಮಕ್ಕಳನ್ನ ಸೇರಿಸಬೇಡಿ. ತೇವದ ಹವೆಗೆ ಇದು ಬೇಗ ಅಂಟಂಟಾಗುತ್ತೆ, ಕರಾವಳಿಯವರು ಮಾಡಿದ ದಿನವೇ ಖಾಲಿ ಮಾಡಿ.

ಗಾಳಿಯಾಡದ ಡಬ್ಬಿಯಲ್ಲಿ ಪದರಕ್ಕೊಂದು ಪೇಪರ್ ಹಾಕಿಟ್ರೆ ಒಂದು ವಾರ ಆರಾಮಾಗಿ ಇರುತ್ತೆ, ಹಿಟ್ಟನ್ನ ಫ್ರೀಜರಲ್ಲಿಟ್ರೆ ಒಂದು ತಿಂಗಳು. ಅಕ್ಕಪಕ್ಕದ ಮನೆಗೆ ಹಂಚೋದಾದ್ರೆ ಮೊಟ್ಟೆ ಹಾಕಿದ್ದು ಹಾಕದ್ದು ಬೇರೆ ಬೇರೆ ಶೇಪಲ್ಲಿ ಮಾಡಿ, ಟ್ರೀ ಎಲ್ಲಾ ಎಗ್‌ಲೆಸ್, ಸ್ಟಾರ್ ಎಲ್ಲಾ ಮೊಟ್ಟೆದು ಅಂತ ಡಬ್ಬಿ ಮೇಲೆ ಬರೆದು ಅಂಟಿಸಿ, ಕೇಳೋರು ಬಾಗಿಲಲ್ಲೇ ಕೇಳ್ತಾರೆ.