ಹೊಟ್ಟೆಯ ಕೊಬ್ಬಿನಿಂದ ಇಮ್ಯೂನ್ ಸೆಲ್ ಬಿಡಿಸುವ ಕೆಲಸ: ನನ್ನ ಅನುಭವ

ಕೊಬ್ಬು ಅಂದ್ರೆ ಬರೀ ಎಣ್ಣೆ ತುಂಬಿದ ಚೀಲ ಅಂತ ಎಣಿಸಿದವರಿಗೆ ಸೆಂಟ್ರಿಫ್ಯೂಜ್ ಮಿಷಿನ್‌ನಲ್ಲಿ ಜೋರಾಗಿ ತಿರುಗಿಸಿದ ಮೇಲೆ ಟ್ಯೂಬ್ ತೋರಿಸ್ಬೇಕು. ಮೇಲೆ ಹಳದಿ ಎಣ್ಣೆ, ಕೊಬ್ಬಿನ ಸೆಲ್‌ಗಳು ತೇಲ್ತಾ ಇರ್ತವೆ, ಅಡಿಯಲ್ಲಿ ಒಂದು ಸಣ್ಣ ಕೆಂಪು ಪೆಲೆಟ್ ಉಂಟು, ಮ್ಯಾಕ್ರೋಫೇಜ್ (ಸತ್ತ ಸೆಲ್, ಕಸ ನುಂಗುವ ಇಮ್ಯೂನ್ ಸೆಲ್, ಅಂದ್ರೆ ರೋಗನಿರೋಧಕ ಸೆಲ್), ಟಿ ಸೆಲ್ (ಇನ್ನೊಂದು ಬಗೆಯ ಇಮ್ಯೂನ್ ಸೆಲ್), ರಕ್ತನಾಳದ ಸೆಲ್ ಎಲ್ಲ ಅದ್ರಲ್ಲೇ. ನಂಗೆ ಬೇಕಾದ್ದು ಅದೇ, ಕೊಬ್ಬಿನಲ್ಲಿ ಉರಿಯೂತ ಎಷ್ಟು ಉಂಟು ಅಂತ ಅಳೀಲಿಕ್ಕೆ.

ಸ್ಯಾಂಪಲ್ ಸಿಗೋದು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬೇರಿಯಾಟ್ರಿಕ್ ಸರ್ಜರಿ (ತೂಕ ಇಳಿಸುವ ಆಪರೇಷನ್) ಆಗುವಾಗ, ಹೊಟ್ಟೆಯೊಳಗಿನ ಕೊಬ್ಬಿನ ಪರದೆಯಾದ ಓಮೆಂಟಮ್‌ನಿಂದ ಒಂದು ತುಂಡು, ಚರ್ಮದ ಅಡಿಯಿಂದ ಒಂದು. ಹೋಲಿಸ್ಲಿಕ್ಕೆ ತೆಳ್ಳಗಿನವರದ್ದೂ ಬೇಕು, ಅದು ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಬಂದವರಿಂದ. ಆದ್ರೆ ನಮ್ಮವರಲ್ಲಿ ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ, ಇಂಥವರು ಭಾರೀ ಜಾಸ್ತಿ ಮಾರಾಯ್ರೆ, ತೂಕ ನೋಡಿ ತೆಳ್ಳಗೆ ಅಂತ ಬರ್ಕೊಂಡ್ರೆ ಹೋಲಿಸುವ ಕಂಟ್ರೋಲ್ ಗ್ರೂಪೇ ಹಾಳು, ಹಾಗಾಗಿ ನಾನು ಸೊಂಟಕ್ಕೆ ಟೇಪ್ ಹಿಡಿದೇ ಸೇರಿಸೋದು, ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ರೆ ಕಂಟ್ರೋಲ್ ಅಲ್ಲ.

ಎಥಿಕ್ಸ್ ಕಮಿಟಿ ಒಪ್ಪಿದ ಫಾರ್ಮ್ ಕನ್ನಡದಲ್ಲಿ ಉಂಟು, ವಿವರಿಸೋದು ಹೆಚ್ಚಾಗಿ ತುಳುವಿನಲ್ಲೇ. ಎಲ್ಲರೂ ಕೇಳೋದು ಒಂದೇ, ಕೊಬ್ಬು ತೆಗೆದ್ರೆ ಶುಗರ್ ಕಡ್ಮೆ ಆಗ್ತದಾ ಅಂತ. ನಾವು ತೆಗೆಯೋದು ಬೆರಳ ತುದಿಯಷ್ಟು, ಅದು ಬಿಡಿ, 2004ರಲ್ಲಿ ಅಮೆರಿಕದಲ್ಲಿ ಲೈಪೋಸಕ್ಷನ್ ಮಾಡಿ ಸುಮಾರು 10 ಕೆಜಿ ಚರ್ಮದಡಿಯ ಕೊಬ್ಬು ಹೀರಿ ತೆಗೆದು ನೋಡಿದ್ರು, ಇನ್ಸುಲಿನ್ ಕೆಲಸ ಒಂಚೂರೂ ಸುಧಾರಿಸ್ಲಿಲ್ಲ.

ಇನ್ನು ಮುಖ್ಯ ವಿಷ್ಯ, ಟೈಮ್. ಲ್ಯಾಬ್ ಇರೋದು ದೇರಳಕಟ್ಟೆ ಕಡೆ, ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಸಿಕ್ಕಿಬಿದ್ರೆ ಡಬ್ಬಿಯೊಳಗೆ ಸೆಲ್‌ಗಳು ಸುಮ್ನೆ ಕೂತಿರೋದಿಲ್ಲ. ದೇಹದಿಂದ ಹೊರಗೆ ಬಂದ ಕೊಬ್ಬು ಉಸಿರು ಕಟ್ಟಿ ಸಾಯ್ಲಿಕ್ಕೆ ಶುರು, ಸತ್ತ ಸೆಲ್ ಕಂಡ್ರೆ ಮ್ಯಾಕ್ರೋಫೇಜ್ ಕೆರಳ್ತದೆ, ಆಮೇಲೆ ನಾವು ಅಳೆಯುವ ಉರಿಯೂತ ರೋಗಿಯದ್ದಾ ತೊಕ್ಕೊಟ್ಟು ಜಂಕ್ಷನ್ನಿದ್ದಾ ಅಂತ ಗೊತ್ತಾಗುದಿಲ್ಲ. ಈ ಫೀಲ್ಡಿನ ತಲೆನೋವೇ ಇದು, ಪ್ರೋಟೋಕಾಲ್ ಪುಸ್ತಕದಲ್ಲಿ ಯಾರೂ ಗಟ್ಟಿಯಾಗಿ ಹೇಳುದಿಲ್ಲ, ಪಾತ್ರೆ ತೊಳೆಯುವವನ ಕೈಗೇ ಮಸಿ ಇದ್ದ ಹಾಗೆ.

ಬಂದ ಕೂಡ್ಲೇ ಪಿಬಿಎಸ್ ಅನ್ನುವ ಉಪ್ಪಿನ ದ್ರಾವಣದಲ್ಲಿ ತೊಳೆದು ರಕ್ತ ತೆಗೀಬೇಕು, ಇಲ್ಲಾಂದ್ರೆ ರಕ್ತದ ಮೊನೋಸೈಟ್‌ಗಳೂ (ಒಂದು ಬಗೆಯ ಬಿಳಿರಕ್ತಕಣ) ಲೆಕ್ಕಕ್ಕೆ ಸೇರ್ತವೆ. ಕತ್ತರಿಯಲ್ಲಿ ಸಣ್ಣ ಸಣ್ಣ ಮಾಡಿ ಕೊಲ್ಯಾಜಿನೇಸ್ (ಸೆಲ್‌ಗಳನ್ನು ಹಿಡಿದಿಟ್ಟ ನಾರು ಕರಗಿಸುವ ಎಂಜೈಮ್) ಹಾಕಿ 37 ಡಿಗ್ರಿಯಲ್ಲಿ ಅಲ್ಲಾಡಿಸ್ತಾ ಇಡೋದು, ಜೊತೆಗೆ ಬಿಎಸ್‌ಎ (ದನದ ರಕ್ತದ ಪ್ರೋಟೀನ್), ಒಡೆದ ಕೊಬ್ಬಿನ ಸೆಲ್‌ನಿಂದ ಬರುವ ಫ್ಯಾಟಿ ಆಸಿಡ್ ಹಿಡ್ಕೊಳ್ಲಿಕ್ಕೆ. ಈ ಎಂಜೈಮಿಗೆ ಕ್ಯಾಲ್ಸಿಯಂ ಬೇಕು, ಹಾಗಾಗಿ ಕ್ಯಾಲ್ಸಿಯಂ ಹಿಡ್ಕೊಳ್ಳುವ ಇಡಿಟಿಎ ಹಾಕೋದು ಕೊನೆಗೆ, ನಿಲ್ಲಿಸ್ಲಿಕ್ಕೆ. ಅಗ್ಗದ ಕೊಲ್ಯಾಜಿನೇಸ್‌ನಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಇರ್ತದೆ, ಮ್ಯಾಕ್ರೋಫೇಜ್‌ಗೆ ಅದು ಸಾಕು ಉರಿಯೂತ ಏರಿಸುವ ಟಿಎನ್‌ಎಫ್ ಆಲ್ಫಾ ಪ್ರೋಟೀನ್ ಸುರಿಸ್ಲಿಕ್ಕೆ. ಆಮೇಲೆ ಜಾಲರಿಯಲ್ಲಿ ಸೋಸಿ, ಸೆಂಟ್ರಿಫ್ಯೂಜ್, ಕೆಂಪುರಕ್ತಕಣ ಒಡೆಯೋದು, ಸ್ಟೇನ್ ಮಾಡೋದು (ಹೊಳೆಯುವ ಬಣ್ಣದ ಗುರುತು ಹಚ್ಚೋದು), ಅದೆಲ್ಲ ಮಾಮೂಲಿ.

ಫ್ಲೋ ಸೈಟೋಮೀಟರಿನಲ್ಲಿ (ಆ ಹೊಳಪು ನೋಡಿ ಸೆಲ್‌ಗಳನ್ನು ಒಂದೊಂದಾಗಿ ಎಣಿಸುವ ಮಿಷಿನ್) ಮೊದ್ಲು ಸತ್ತವನ್ನು ಬಿಡ್ತೇನೆ, ಮತ್ತೆ ಇಮ್ಯೂನ್ ಸೆಲ್‌ನ ಗುರುತಾದ ಸಿಡಿ45 ಪ್ರೋಟೀನ್ ಇರುವವು, ಅದ್ರಲ್ಲಿ ಮ್ಯಾಕ್ರೋಫೇಜ್ ಹುಡುಕ್ಲಿಕ್ಕೆ ಸಿಡಿ14, ಸಿಡಿ206, ಸಿಡಿ11ಸಿ ಅನ್ನುವ ಗುರುತುಗಳು. ಎಣ್ಣೆ ತಿಂದು ಉಬ್ಬಿದ ಮ್ಯಾಕ್ರೋಫೇಜ್ ತಾನೇ ಹೊಳೀತದೆ, ಸ್ಟೇನ್ ಹಾಕದ ಟ್ಯೂಬ್ ಪಕ್ಕದಲ್ಲಿ ಇಲ್ಲಾಂದ್ರೆ ಮೋಸ ಹೋಗ್ತೇವೆ. ಸಿಡಿ11ಸಿ ಇದ್ರೆ ಎಂ1 ಅಂದ್ರೆ ಉರಿಯೂತ ಏರಿಸುವ ಕೆಟ್ಟವ, ಸಿಡಿ206 ಇದ್ರೆ ಎಂ2 ಅಂದ್ರೆ ಒಳ್ಳೆಯವ ಅಂತ ಮಾಡುವ ಲೆಕ್ಕ ನಂಗೆ ಇಷ್ಟ ಇಲ್ಲ, ಮನುಷ್ಯರ ಕೊಬ್ಬಿನಲ್ಲಿ ಸಿಡಿ206, ಸಿಡಿ11ಸಿ ಎರಡೂ ಒಂದೇ ಸೆಲ್ ಮೇಲೆ ಸಿಗ್ತದೆ.

ಅದೇ ತುಂಡಿನ ಇನ್ನೊಂದು ಭಾಗ ಸೀದಾ ಫಾರ್ಮಲಿನ್‌ಗೆ, ಕೆಡದ ಹಾಗೆ ಇಟ್ಟು ಸ್ಲೈಡ್ ಮಾಡ್ಲಿಕ್ಕೆ. ಇದಕ್ಕೆ ಎಂಜೈಮೂ ಇಲ್ಲ, ಅಲ್ಲಾಡಿಸೋದೂ ಇಲ್ಲ, ಹಾಗಾಗಿ ನಂಗೆ ಇದ್ರ ಮೇಲೆ ನಂಬಿಕೆ ಜಾಸ್ತಿ. ಮ್ಯಾಕ್ರೋಫೇಜ್‌ನ ಗುರುತಾದ ಸಿಡಿ68 ಸ್ಟೇನ್ ಮಾಡಿದ್ರೆ ಸತ್ತ ಕೊಬ್ಬಿನ ಸೆಲ್ ಸುತ್ತ ಮ್ಯಾಕ್ರೋಫೇಜ್‌ಗಳು ಬಳೆ ಕಟ್ಟಿ ನಿಂತದ್ದು ಕಾಣ್ತದೆ, ಕ್ರೌನ್ ಲೈಕ್ ಸ್ಟ್ರಕ್ಚರ್. 2003ರ ಪೇಪರಿನಲ್ಲಿ ತೆಳ್ಳಗಿನವರ ಕೊಬ್ಬಿನಲ್ಲಿರುವ ಒಟ್ಟು ಸೆಲ್‌ಗಳಲ್ಲಿ ಮ್ಯಾಕ್ರೋಫೇಜ್ 10 ಪರ್ಸೆಂಟಿಗಿಂತ ಕಡ್ಮೆ, ದಪ್ಪಗಿನವರಲ್ಲಿ 40ರ ಹತ್ತಿರ ಅಂತ ಉಂಟು. ಫ್ಲೋದಲ್ಲಿ ತುಂಬ ಬಂದು ಸ್ಲೈಡಿನಲ್ಲಿ ಬಳೆಯೇ ಇಲ್ಲಾಂದ್ರೆ ನಾನು ಆ ಫ್ಲೋ ಡಾಟಾ ಪಕ್ಕಕ್ಕೆ ಇಡ್ತೇನೆ.

ಇನ್ನೊಂದು ವಿಷ್ಯ ಡಯಟ್. ಸರ್ಜರಿಗೆ ಮುಂಚೆ ಲಿವರ್ ಸಣ್ಣ ಆಗ್ಲಿ ಅಂತ ಸರ್ಜನ್ ಕಡ್ಮೆ ಕ್ಯಾಲರಿ ಊಟ ಕೊಡ್ತಾರೆ, ಕುಚ್ಚಲಕ್ಕಿ ಅನ್ನ ಬಂದ್. ಇಲಿಗಳಲ್ಲಿ ನೋಡಿದ್ದು ಎಂತ ಅಂದ್ರೆ ಊಟ ಕಡ್ಮೆ ಮಾಡಿದ ಮೊದಲ ಕೆಲವು ದಿನ ಕೊಬ್ಬು ಕರಗ್ತಾ ಮ್ಯಾಕ್ರೋಫೇಜ್ ಇಳಿಯೋದಲ್ಲ, ಏರ್ತದೆ, ಎಣ್ಣೆ ಹೆಕ್ಲಿಕ್ಕೆ ಬರೋದು, ಆಮೇಲೆ ಇಳಿಯೋದು. ಹಾಗಾಗಿ ನನ್ನ ಶೀಟಿನಲ್ಲಿ ವಯಸ್ಸು, ಸೊಂಟ, ಶುಗರ್ ಪಕ್ಕ ಡಯಟ್ ಎಷ್ಟು ದಿನ ಅಂತ ಒಂದು ಕಾಲಂ ಉಂಟು, ಅದನ್ನು ಫೈಲ್ ನೋಡಿ ತುಂಬ್ಸುದಿಲ್ಲ, ರೋಗಿಯ ಹತ್ರ ಅಲ್ಲ, ಮನೆಯಲ್ಲಿ ಅಡುಗೆ ಮಾಡುವವರ ಹತ್ರ ಕೇಳಿ ಬರ್ಕೊಳ್ತೇನೆ.