ಇಷ್ಟಪಟ್ಟು ಮಾಡುವ ಕೆಲಸಕ್ಕೆ ಬಹುಮಾನದ ಆಸೆ ತೋರಿಸಬೇಡಿ

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆ ಬಂತಲ್ವಾ, ಮಕ್ಕಳಿರುವ ಮನೆಯವರು ದಯವಿಟ್ಟು ಓದಿ.

ಹೋದ ವರ್ಷ ಮಗಳಿಗೆ ಒಂದು ಕಥೆ ಪುಸ್ತಕ ಓದಿದರೆ 20 ರೂಪಾಯಿ ಎಂದಿದ್ದೆ. ಅದಕ್ಕೆ ಮುಂಚೆ ಅವಳು ಸುಮ್ನೆ ಖುಷಿಗೆ ಓದುತ್ತಿದ್ದಳು. ಎರಡೇ ವಾರದಲ್ಲಿ ತೆಳು ಪುಸ್ತಕಗಳನ್ನೇ ಹುಡುಕತೊಡಗಿದಳು. ದುಡ್ಡು ನಿಲ್ಲಿಸಿದೆ, ಓದೂ ನಿಂತಿತು. ತುಂಬಾ ಬೇಜಾರಾಯಿತು.

1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಇದನ್ನೇ ತೋರಿಸಿದ್ದರು. ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಪುಟಾಣಿಗಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಮಾತು ಕೊಟ್ಟರು. ಆಮೇಲೆ ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧ ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ, ಕೊನೆಯಲ್ಲಿ ಬಹುಮಾನ ಕೊಟ್ಟ ಮಕ್ಕಳ ಆಸಕ್ತಿ ಮಾತ್ರ ಹಾಗೆ ಇಳಿಯಲಿಲ್ಲ.

ಈಗ ನಾವು ಮಾಡುವುದು ಇಷ್ಟೇ. ತಿಂಗಳಿಗೊಮ್ಮೆ ಮೆಟ್ರೋ ಹತ್ತಿ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗೆ ಹೋಗುತ್ತೇವೆ. ಯಾವ ಪುಸ್ತಕ ಬೇಕೆಂದು ಅವಳೇ ಆರಿಸುತ್ತಾಳೆ, ನಾನು ಬಾಯಿ ಹಾಕುವುದಿಲ್ಲ. ರಾತ್ರಿ ಊಟವಾದ ಮೇಲೆ ಅಜ್ಜಿಗೆ ಕಥೆ ಹೇಳುತ್ತಾಳೆ. ಅಜ್ಜಿ "ಆಮೇಲೇನಾಯ್ತು ಪುಟ್ಟಾ?" ಎನ್ನುತ್ತಾರೆ ನೋಡಿ, ಅದಕ್ಕಾಗಿಯೇ ಮರುದಿನ ಮತ್ತೆ ನಾಲ್ಕು ಪುಟ ಜಾಸ್ತಿ ಓದುತ್ತಾಳೆ.

ಆಫೀಸಿನಲ್ಲಿ ತಂಡ ನೋಡಿಕೊಳ್ಳುವವರಿಗೂ ಒಂದು ಮಾತು. ಸಂಬಳ ಮೊದಲು ಸರಿಯಾಗಿ, ಹೊತ್ತಿಗೆ ಕೊಡಿ. ಅದಿಲ್ಲದೆ ಬರೀ ಹೊಗಳಿದರೆ ಯಾರಿಗೂ ಹುರುಪು ಬರುವುದಿಲ್ಲ. ಆಮೇಲೆ ಕೆಲಸ ಹೇಗೆ ಮಾಡಬೇಕು ಎನ್ನುವುದನ್ನು ಅವರಿಗೇ ಬಿಡಿ. ನಮ್ಮ ತಂಡದಲ್ಲಿ ಹಾಗೆ ಬಿಟ್ಟು ಮೂರು ತಿಂಗಳಾಯಿತು, ಈಗ ಹುಡುಗರು ತಾವಾಗೇ ಹೊಸ ಯೋಚನೆ ತರುತ್ತಿದ್ದಾರೆ.